ವಜಾ ಪತ್ರ ಕೊನೆಯ ಕಾಗದ

ಗುರುವಾರ ಸಂಜೆ ಆರರ ಮೇಲೆ ಬರುವ ಫೋನು ಬಹುಪಾಲು ಒಂದೇ ಧಾಟಿಯದು. "ನಮ್ಮ ಸೇಲ್ಸ್ ಹೆಡ್ಡನ್ನ ನಾಳೆ ಕಳಿಸ್ತಿದೀವಿ ಸರ್, ಒಂದು ಟರ್ಮಿನೇಷನ್ ಲೆಟರ್ ಮಾಡ್ಕೊಡಿ, ಅರ್ಧ ಪುಟ ಸಾಕು." ಉದ್ಯೋಗ ಕಾನೂನಿನ ವಕೀಲರೆಂದರೆ ಆ ಅರ್ಧ ಪುಟ ಬರೆದುಕೊಡುವವರು ಅಂತ ಕಂಪನಿಗಳ ಎಣಿಕೆ. ಪತ್ರ ಬರೆಯಲು ಇಪ್ಪತ್ತು ನಿಮಿಷ ಸಾಕು. ಅದಕ್ಕೂ ಮುಂಚೆ ಇರಬೇಕಾದ ಕಾಗದಗಳು ಇವೆಯೇ, ಇದ್ದರೆ ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ನೋಡಲು ಮೂರು ದಿನ ಬೇಕು. ಆ ಮೂರು ದಿನ ಕೊಡದೆ ಹೊರಟ ಪತ್ರವೇ ಆಮೇಲೆ ವರ್ಷಗಟ್ಟಲೆ ಕೋರ್ಟಿನ ಮೆಟ್ಟಿಲು ಹತ್ತಿಸುವುದು.

ಮೊದಲ ದಿನ ತರಿಸಿಕೊಳ್ಳುವ ಕಟ್ಟು ಇದು: ಆಫರ್ ಲೆಟರ್, ಇಬ್ಬರ ಸಹಿಯೂ ಇರುವ ನೇಮಕಾತಿ ಪತ್ರ, ಆಮೇಲೆ ಕೊಟ್ಟ ಬಡ್ತಿ ಮತ್ತು ಸಂಬಳ ಏರಿಕೆಯ ಪತ್ರಗಳಷ್ಟೂ, ಈಸಾಪ್ (ನೌಕರರಿಗೆ ಕಂಪನಿಯ ಷೇರು ಕೊಳ್ಳುವ ಹಕ್ಕು, ಅಂದರೆ ಆಪ್ಷನ್, ಕೊಡುವ) ಯೋಜನೆಯ ಮೂಲ ದಾಖಲೆ ಮತ್ತು ಆ ವ್ಯಕ್ತಿಗೆ ಆಪ್ಷನ್ ಕೊಟ್ಟ ಗ್ರ್ಯಾಂಟ್ ಲೆಟರ್, ಕಳೆದ ಎರಡು ವರ್ಷದ ಅಪ್ರೈಸಲ್, ಬಾಕಿ ರಜೆಯ ಲೆಕ್ಕ, ನಿರ್ದೇಶಕರಾಗಿದ್ದರೆ ಮಂಡಳಿಯ ನಿರ್ಣಯ, ಅವರ ಮೇಲೆ ಬಂದ ಅಥವಾ ಅವರೇ ಕೊಟ್ಟ ದೂರು ಯಾವುದಾದರೂ ಇದ್ದರೆ ಅದು. ಕಟ್ಟು ಪೂರ್ತಿಯಾಗಿ ಬರುವುದು ಅಪರೂಪ. ನೇಮಕಾತಿ ಪತ್ರದಲ್ಲಿ ಕಂಪನಿಯ ಸಹಿ ಮಾತ್ರ ಇರುತ್ತದೆ, ನೌಕರರು ಸಹಿ ಹಾಕಿದ ಪ್ರತಿ ಯಾರ ಬಳಿಯೂ ಇಲ್ಲ. ಆಫರ್ ಲೆಟರ್ ಕಳಿಸಿದ್ದು ಅಮೆರಿಕದ ಮಾತೃಸಂಸ್ಥೆ, ಸಂಬಳ ಕೊಡುತ್ತಿರುವುದು ಬೆಂಗಳೂರಿನ ಪ್ರೈವೇಟ್ ಲಿಮಿಟೆಡ್. ಅಲ್ಲಿ ಕೆಲಸದಿಂದ ತೆಗೆದರೆ ಆರು ತಿಂಗಳ ಸೆವರೆನ್ಸ್ ಪರಿಹಾರ ಎಂದಿದೆ, ಇಲ್ಲಿಯ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ನೋಟಿಸ್ ಪೀರಿಯಡ್ 60 ದಿನದಿಂದ 90 ದಿನಕ್ಕೆ ಏರಿದ್ದು ಎಚ್‌ಆರ್ ಪೋರ್ಟಲ್‌ನಲ್ಲಿ ಮಾತ್ರ ಗೊತ್ತು. ಇವೆಲ್ಲಕ್ಕಿಂತ ತಲೆನೋವಿನದು ಅಪ್ರೈಸಲ್. ಏಪ್ರಿಲ್‌ನಲ್ಲಿ ಐದಕ್ಕೆ ನಾಲ್ಕೂವರೆ ಅಂಕ, ಮೇಲೊಂದು ಬೋನಸ್. ಆಗಸ್ಟ್‌ನಲ್ಲಿ "ಕೆಲಸ ಸಾಲದು" ಎಂದು ವಜಾ. ಪಾಟೀಸವಾಲಿಗೆ ಬೇರೆ ಸಾಮಗ್ರಿಯೇ ಬೇಡ.

ಎರಡನೆಯ ಪ್ರಶ್ನೆ, ಈ ವ್ಯಕ್ತಿ ಕಾನೂನಿನ ಕಣ್ಣಿಗೆ ಯಾರು? ಬೆಂಗಳೂರಿನಲ್ಲಿ ಎರಡು ವಿಸಿಟಿಂಗ್ ಕಾರ್ಡ್ ತೆಗೆದರೆ ಒಂದರ ಮೇಲೆ ಮ್ಯಾನೇಜರ್ ಎಂದಿರುತ್ತದೆ. ಕೋರ್ಟು ಕಾರ್ಡು ನೋಡುವುದಿಲ್ಲ, ಮುಖ್ಯವಾಗಿ ಮಾಡುವ ಕೆಲಸ ಏನು ಎಂದು ನೋಡುತ್ತದೆ. 1985ರ ಸಿಬಾ ಗೈಗಿ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿ ಮುಗಿಸಿದೆ. ರಜೆ ಮಂಜೂರು ಮಾಡುತ್ತಾರೆಯೇ, ಕೆಲಸಕ್ಕೆ ತೆಗೆದುಕೊಳ್ಳುವ, ತೆಗೆಯುವ ಅಧಿಕಾರ ಉಂಟೇ, ಕಂಪನಿಯ ಪರವಾಗಿ ಸಹಿ ಹಾಕುತ್ತಾರೆಯೇ? ದಿನವೆಲ್ಲ ಕೋಡ್ ಬರೆಯುವ "ಎಂಜಿನಿಯರಿಂಗ್ ಮ್ಯಾನೇಜರ್" ಕಾರ್ಮಿಕ, ಅಂದರೆ ವಜಾ ವಿರುದ್ಧ ಕಾರ್ಮಿಕ ಕಾನೂನಿನ ರಕ್ಷಣೆ ಇರುವವರು, ಎಂದು ತೀರ್ಮಾನವಾಗುವ ಅಪಾಯ ನಿಜವಾದದ್ದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಆಡಳಿತದ ಹುದ್ದೆಯವರು ಮತ್ತು ತಿಂಗಳಿಗೆ 18,000 ರೂಪಾಯಿ ಮೀರಿ ವೇತನ ಪಡೆಯುವ ಮೇಲ್ವಿಚಾರಕರು ಮಾತ್ರ ಆ ವ್ಯಾಖ್ಯೆಯ ಹೊರಗೆ. ತಾಂತ್ರಿಕ ಕೆಲಸದವರಿಗೆ ಸಂಬಳದ ಮಿತಿಯೇ ಇಲ್ಲ. ಇನ್ನು ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ, 1961. ಅದರ 39ನೇ ಕಲಂ ಪ್ರಕಾರ ಆರು ತಿಂಗಳು ಸತತ ಸೇವೆಯಾದವರನ್ನು ತಕ್ಕ ಕಾರಣವಿಲ್ಲದೆ ತೆಗೆಯುವಂತಿಲ್ಲ, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು. ದುರ್ನಡತೆ ಎಂದಾದರೆ ವಿಚಾರಣೆ ನಡೆಸಿ ಸಾಕ್ಷ್ಯ ದಾಖಲಿಸಿರಬೇಕು. ಆಡಳಿತ ಹುದ್ದೆಯಲ್ಲಿರುವವರಿಗೆ ಈ ಕಾಯಿದೆ ಅನ್ವಯಿಸದು. ಸಂದೇಹವಿದ್ದರೆ ವಿಚಾರಣೆ ನಡೆಸಿಬಿಡುವುದೇ ಲೇಸು. ನಾಲ್ಕು ವಾರದ ಖರ್ಚು ಅಷ್ಟೆ.

ನಿಜವಾದ ಹಿರಿಯ ಅಧಿಕಾರಿಯ ವಿಷಯದಲ್ಲಿ ಕಾನೂನು ಮಾಲೀಕರ ಕಡೆಗೇ ವಾಲಿದೆ ಎನ್ನಬೇಕು. ಖಾಸಗಿ ಕಂಪನಿಯ ಸಿಇಒಗೆ ಕೆಲಸ ವಾಪಸು ಕೊಡಿಸುವ ಆದೇಶ ಸಿವಿಲ್ ಕೋರ್ಟಿನಿಂದ ಸಿಗುವುದಿಲ್ಲ. ವ್ಯಕ್ತಿಗತ ಸೇವೆಯ ಕರಾರನ್ನು ಬಲವಂತವಾಗಿ ಜಾರಿ ಮಾಡಿಸಲಾಗದು ಎಂಬುದು ನಿರ್ದಿಷ್ಟ ಪರಿಹಾರ ಕಾಯಿದೆಯ 14ನೇ ಕಲಂ. ನಷ್ಟ ಪರಿಹಾರವೂ ಸಾಮಾನ್ಯವಾಗಿ ನೋಟಿಸ್ ಅವಧಿಯ ಸಂಬಳದಷ್ಟೇ. 1957ರಲ್ಲಿ ಭಾರತ್ ನಿಧಿ ಪ್ರಕರಣದಲ್ಲಿ ಹಾಕಿದ ಗೆರೆ ಈಗಲೂ ಹಾಗೇ ಇದೆ. ಇದನ್ನು ಅರ್ಧ ತಿಳಿದ ಕಂಪನಿಯವರು "ಮೂರು ತಿಂಗಳ ಸಂಬಳ ಬಿಸಾಕಿದ್ರಾಯ್ತು" ಎಂದು ನಿರಾಳವಾಗುತ್ತಾರೆ. ಜಗಳ ಸಂಬಳದ ಬಾಗಿಲಿನಿಂದ ಬರುವುದಿಲ್ಲ. ಈಸಾಪ್, ನಿರ್ದೇಶಕ ಸ್ಥಾನ, ಗ್ರಾಚ್ಯುಟಿ, ಮಾನಹಾನಿ, ಬಾಕಿ ಇರುವ ದೂರು, ಈ ಐದರಲ್ಲೊಂದರಿಂದ ಬರುತ್ತದೆ.

ಈಸಾಪ್‌ನ ಮುಖ್ಯ ಪ್ರಶ್ನೆ ತಾರೀಕಿನದು. ನೋಟಿಸ್ ಸಂಬಳ ಕೈಗೆ ಕೊಟ್ಟು ಇವತ್ತೇ ಕಳಿಸಿದರೆ ನೌಕರಿ ಇವತ್ತೇ ಮುಗಿಯಿತು, ವೆಸ್ಟಿಂಗೂ (ಆಪ್ಷನ್‌ಗಳು ನಿಗದಿತ ತಾರೀಕುಗಳಂದು ನೌಕರರ ಹಕ್ಕಾಗುವುದು) ಇವತ್ತೇ ನಿಂತಿತು. ಗಾರ್ಡನ್ ಲೀವ್ ಮೇಲೆ, ಅಂದರೆ ಕೆಲಸ ಕೊಡದೆ ಸಂಬಳ ಮಾತ್ರ ಕೊಟ್ಟು, ಮನೆಯಲ್ಲಿ ಕೂರಿಸಿದರೆ 90 ದಿನವೂ ಅವರು ನೌಕರರೇ. ಆ ನಡುವೆ ಬರುವ ವೆಸ್ಟಿಂಗ್ ತಾರೀಕು, "ಮಾರ್ಚ್ 31ರಂದು ರೋಲ್‌ನಲ್ಲಿ ಇರುವವರಿಗೆ" ಎಂಬ ಬೋನಸ್, ಗ್ರಾಚ್ಯುಟಿಯ ಐದು ವರ್ಷ, ಎಲ್ಲವೂ ಅವರ ಲೆಕ್ಕಕ್ಕೆ ಸೇರುತ್ತವೆ. ಎರಡಕ್ಕೂ ಕೊಡುವ ಸಂಬಳ ಒಂದೇ, ಪರಿಣಾಮ ಲಕ್ಷಗಳಲ್ಲಿ ಬೇರೆ. ಇನ್ನೊಂದು ಮಾತು: ನೇಮಕಾತಿ ಪತ್ರದಲ್ಲಿ ನೋಟಿಸ್ ಬದಲು ಸಂಬಳ ಕೊಡುವ ಹಕ್ಕನ್ನು ಕಂಪನಿ ಬರೆದುಕೊಂಡಿಲ್ಲದಿದ್ದರೆ, ಅಥವಾ ಗಾರ್ಡನ್ ಲೀವ್ ಎಂಬ ಮಾತೇ ಅಲ್ಲಿಲ್ಲದಿದ್ದರೆ, ಮನಸ್ಸಿಗೆ ಬಂದ ದಾರಿ ಹಿಡಿಯುವಂತಿಲ್ಲ. ವೆಸ್ಟಿಂಗ್‌ಗೆ ಮೂರು ದಿನ ಮುಂಚೆ ಕಳಿಸಿದ ಕಂಪನಿಗೆ ಕಾರಣ ಎಷ್ಟೇ ಗಟ್ಟಿಯಿದ್ದರೂ ದುರುದ್ದೇಶದ ಮಾತು ಕೇಳಿಸಿಕೊಳ್ಳುವುದು ತಪ್ಪದು.

ಯೋಜನೆಯಲ್ಲಿ "ಕಾಸ್" (cause, ವಜಾಕ್ಕೆ ಕಾರಣವಾಗುವ ನೌಕರರ ತಪ್ಪು) ಎಂಬ ವ್ಯಾಖ್ಯೆ ಇರುತ್ತದೆ. ವಂಚನೆ, ಗೋಪ್ಯತೆಯ ಉಲ್ಲಂಘನೆ, ಗಂಭೀರ ದುರ್ನಡತೆ ಇತ್ಯಾದಿಗಳಿಗೆ ವಜಾ ಆದರೆ ವೆಸ್ಟ್ ಆದ ಆಪ್ಷನ್ನೂ ಬಹಳಷ್ಟು ಕಡೆ ರದ್ದು. ಬೇರೆ ರೀತಿ ಹೊರಟರೆ ಆಪ್ಷನ್ ಚಲಾಯಿಸಿ ಷೇರು ಕೊಳ್ಳಲು ಒಂದು ಗಡುವು, ಅನೇಕ ಯೋಜನೆಗಳಲ್ಲಿ 90 ದಿನ. ಹಾಗಾಗಿ ಕಂಪನಿಗೆ "ಕಾಸ್" ಎಂದು ಬರೆಯುವ ಆಸೆ. ಬರೆಯುವ ಮೊದಲು ಎರಡನ್ನು ನೋಡಬೇಕು. ಅದನ್ನು ತೀರ್ಮಾನಿಸುವವರು ಯಾರೆಂದು ಯೋಜನೆ ಹೇಳುತ್ತದೆ? ಮಂಡಳಿ ಎಂದಿದ್ದರೆ ಎಚ್‌ಆರ್ ಹೆಡ್ ಸಹಿ ಸಾಲದು, ನಿರ್ಣಯ ಬೇಕು, ಅದೂ ಪತ್ರದ ತಾರೀಕಿಗಿಂತ ಮುಂಚಿನದು. ಎರಡು, ಆಪಾದನೆ ಹೊತ್ತವರಿಗೆ ಉತ್ತರ ಕೊಡಲು ಅವಕಾಶ ಕೊಟ್ಟಿದ್ದೀರಾ? ಕಳಂಕ ಹಚ್ಚುವ ಪತ್ರಕ್ಕೂ ಕಾರಣ ಹೇಳದೆ ಕರಾರಿನ ನೋಟಿಸ್ ಕಲಂ ಬಳಸಿ ಬಿಡುಗಡೆ ಮಾಡುವ ಪತ್ರಕ್ಕೂ ಇರುವ ಅಂತರ ಇಲ್ಲೇ. ಸಾಕ್ಷ್ಯ ತೆಳುವಾಗಿದ್ದರೆ ಎರಡನೆಯದನ್ನೇ ಆರಿಸಿಕೊಳ್ಳಿ, "ವಿಶ್ವಾಸ ಕಳೆದುಕೊಂಡಿದ್ದೇವೆ" ಎಂಬ ಒಂದು ಸಾಲನ್ನು ಚಪಲಕ್ಕೆಂದು ಸೇರಿಸಬೇಡಿ. ಎಷ್ಟೋ ಸಲ ಕಂಪನಿಯ ಪತ್ರದಲ್ಲಿ ಕೇಸು ಹುಟ್ಟಿಸುವುದು ಆ ಒಂದೇ ಸಾಲು.

ಸಾಕ್ಷ್ಯದ ಕಥೆಯೆಂದರೆ ಲ್ಯಾಪ್‌ಟಾಪಿನ ಕಥೆ. ಸೋಮವಾರ ವಾಪಸು ಬಂದ ಲ್ಯಾಪ್‌ಟಾಪನ್ನು ಎಚ್‌ಆರ್‌ನವರು ಕುತೂಹಲಕ್ಕೆ ತೆಗೆದು ಫೈಲುಗಳನ್ನೆಲ್ಲ ತಡಕುತ್ತಾರೆ, ಫೈಲುಗಳ ತಾರೀಕು ಬದಲಾಗುತ್ತದೆ. ಶುಕ್ರವಾರದ ಹೊತ್ತಿಗೆ ಐಟಿಯವರು ಫಾರ್ಮ್ಯಾಟ್ ಮಾಡಿ ಹೊಸಬರಿಗೆ ಕೊಟ್ಟಾಗಿರುತ್ತದೆ. ಡೇಟಾ ಕದ್ದರು ಎಂಬ ಆಪಾದನೆ ಅಲ್ಲಿಗೆ ಮುಗಿಯಿತು. ಮಾಡಬೇಕಾದ್ದು ಇಷ್ಟು: ಆಫ್ ಆಗಿದ್ದರೆ ಆನ್ ಮಾಡಬಾರದು, ಸೀರಿಯಲ್ ನಂಬರ್, ಪಡೆದ ಸಮಯ, ಕೊಟ್ಟವರು ಮತ್ತು ಪಡೆದವರ ಸಹಿ ಒಂದು ಹಾಳೆಯಲ್ಲಿ, ಲಕೋಟೆಗೆ ಹಾಕಿ ಸೀಲ್, ಫೊರೆನ್ಸಿಕ್ ತಜ್ಞರಿಂದ ಡಿಸ್ಕಿನ ಪೂರ್ಣ ಪ್ರತಿ, ಅದರ ಹ್ಯಾಶ್ ಮೌಲ್ಯ (ಪ್ರತಿ ಬದಲಾಗಿಲ್ಲ ಎಂದು ತೋರಿಸುವ ಡಿಜಿಟಲ್ ಬೆರಳಚ್ಚು), ಆಮೇಲೆ ಹುಡುಕಾಟವೆಲ್ಲ ಪ್ರತಿಯ ಮೇಲೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರಕ್ಕೆ ಈಗ ಎರಡು ಭಾಗ, ಒಂದಕ್ಕೆ ದಾಖಲೆ ಹಾಜರುಪಡಿಸುವವರ ಸಹಿ, ಇನ್ನೊಂದಕ್ಕೆ ತಜ್ಞರದು, ಎರಡರಲ್ಲೂ ಹ್ಯಾಶ್ ನಮೂದಿಸಬೇಕು. ಮೇಲ್‌ಬಾಕ್ಸ್ ಬೇರೆ ಇದೆ. ಮೈಕ್ರೋಸಾಫ್ಟ್ 365ರಲ್ಲಿ ಲೈಸೆನ್ಸ್ ಕಿತ್ತ 30 ದಿನಕ್ಕೆ, ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಖಾತೆ ಅಳಿಸಿದ 20 ದಿನಕ್ಕೆ ಮೇಲ್‌ಗಳು ಕೈತಪ್ಪುತ್ತವೆ. ಖರ್ಚು ಉಳಿಸಲು ಐಟಿಯವರು ಖಾತೆ ಅಳಿಸುವ ಮೊದಲು ಮೇಲ್‌ಗಳು ಅಳಿಯದಂತೆ ಹೋಲ್ಡ್ ಹಾಕಿಸಿ.

ಕಂಪನಿಯ ಒಳಗಿನ ಮೆಸೇಜುಗಳೂ ಸಾಕ್ಷ್ಯವೇ. "ಅವರನ್ನ ತೆಗೀಬೇಕು, ಏನಾದ್ರೂ ಕಾರಣ ಹುಡುಕಿ" ಎಂದು ಸಂಸ್ಥಾಪಕರು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದು, ಆ ಗ್ರೂಪಿನಲ್ಲಿದ್ದ ಇನ್ನೊಬ್ಬರು ಆರು ತಿಂಗಳ ನಂತರ ಮುನಿಸಿಕೊಂಡು ಹೊರಟಾಗ ಆಚೆ ಬರುತ್ತದೆ. ಗ್ರೂಪಿನಲ್ಲಿ ಕಂಪನಿಯ ಸ್ವಂತ ಲೀಗಲ್ ಹೆಡ್ ಇದ್ದಾರಲ್ಲ, ಗೋಪ್ಯವಲ್ಲವೇ ಎನ್ನುತ್ತಾರೆ. 2025ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್, ಸಂಬಳದ ಮೇಲಿರುವ ಇನ್‌ಹೌಸ್ ಕೌನ್ಸಿಲ್‌ಗೆ ವಕೀಲ-ಕಕ್ಷಿದಾರರ ನಡುವಿನ ಆ ರಕ್ಷಣೆ ಸಿಗದು ಎಂದು ಹೇಳಿದೆ. ಇಂಥ ಚರ್ಚೆ ಹೊರಗಿನ ವಕೀಲರ ಜೊತೆ ಆಗಲಿ, ಕಡಿಮೆ ಜನರ ನಡುವೆ ಆಗಲಿ.

ಅಧಿಕಾರಿ ಮಂಡಳಿಯಲ್ಲೂ ಇದ್ದರೆ ಕೆಲಸ ಇಮ್ಮಡಿ. ನೌಕರಿಯಿಂದ ತೆಗೆದ ಮಾತ್ರಕ್ಕೆ ನಿರ್ದೇಶಕ ಸ್ಥಾನ ಹೋಗುವುದಿಲ್ಲ. ಮಂಡಳಿ ತನ್ನ ಸದಸ್ಯರನ್ನು ತಾನೇ ಕಿತ್ತುಹಾಕಲೂ ಬರುವುದಿಲ್ಲ. ಕಂಪನಿ ಕಾಯಿದೆ 2013ರ 169ನೇ ಕಲಂ ಪ್ರಕಾರ ವಿಶೇಷ ಸೂಚನೆ ಕೊಟ್ಟು, ಅವರ ಮಾತು ಕೇಳಿ, ಷೇರುದಾರರ ಸಭೆ ನಿರ್ಣಯ ಮಾಡಬೇಕು. ಅಷ್ಟು ದಿನವೂ ಮಂಡಳಿಯ ಕಾಗದಪತ್ರ ನೋಡುವ ಹಕ್ಕು ಅವರಿಗಿದೆ. ಅದಕ್ಕೇ ಒಪ್ಪಂದದ ಜೊತೆಯಲ್ಲೇ ನಿರ್ದೇಶಕ ಸ್ಥಾನದ ರಾಜೀನಾಮೆ ಪತ್ರ ಪಡೆದು, 30 ದಿನದೊಳಗೆ ಕಂಪನಿ ರಿಜಿಸ್ಟ್ರಾರರಿಗೆ ನಿರ್ದೇಶಕರ ಬದಲಾವಣೆ ತಿಳಿಸುವ ಡಿಐಆರ್-12 ಫಾರಂ ಹಾಕಬೇಕು. ಅದೇ ದಿನ ಬ್ಯಾಂಕಿನ ಸಹಿ ಅಧಿಕಾರ, ಜಿಎಸ್‌ಟಿ ಪೋರ್ಟಲ್‌ನ ಅಧಿಕೃತ ಸಹಿದಾರರ ಹೆಸರು, ಡಿಜಿಟಲ್ ಸಹಿಯ ಟೋಕನ್ ಮೂರನ್ನೂ ನೋಡಿ. ಟೋಕನ್ ಅವರ ಹೆಸರಿನದು, ವಾಪಸು ಕೊಡಬೇಕಾದವರು ನೀವು. ಅದನ್ನಿಟ್ಟುಕೊಂಡು ಫಾರಂ ಹಾಕಿದರೆ ಬೇರೆಯೇ ಕೇಸು. ವ್ಯವಸ್ಥಾಪಕ ನಿರ್ದೇಶಕರಿಗೆ ಸ್ಥಾನ ಕಳೆದುಕೊಂಡದ್ದಕ್ಕೆ ಕೊಡುವ ಪರಿಹಾರಕ್ಕೆ 202ನೇ ಕಲಂ ಮಿತಿ ಹಾಕಿದೆ: ಉಳಿದ ಅವಧಿ ಅಥವಾ ಮೂರು ವರ್ಷ, ಯಾವುದು ಕಡಿಮೆಯೋ ಅಷ್ಟರ ಸಂಭಾವನೆ. ಲಿಸ್ಟ್ ಆದ ಕಂಪನಿಗೆ ಗಂಟೆಯ ಲೆಕ್ಕ. ರಾಜೀನಾಮೆಯಾದರೆ 24 ಗಂಟೆಯೊಳಗೆ, ಬೇರೆ ಬದಲಾವಣೆಯಾದರೆ 12 ಗಂಟೆಯೊಳಗೆ ಷೇರುಪೇಟೆಗೆ ತಿಳಿಸಬೇಕು, ರಾಜೀನಾಮೆ ಪತ್ರವನ್ನು ಕಾರಣಗಳ ಸಮೇತ ಏಳು ದಿನದಲ್ಲಿ ಪ್ರಕಟಿಸಬೇಕು. "ವೈಯಕ್ತಿಕ ಕಾರಣ" ಎಂದು ಪೇಟೆಗೆ ಹೇಳಿ, ವಜಾ ಪತ್ರದಲ್ಲಿ "ದುರ್ನಡತೆ" ಎಂದು ಬರೆದರೆ ಎರಡರಲ್ಲೊಂದು ಸುಳ್ಳು.

ಹಣದ ಲೆಕ್ಕದಲ್ಲಿ ಹಳೆಯ ಅಭ್ಯಾಸ ಈಗ ಕೈಕೊಡುತ್ತದೆ. ಫುಲ್ ಅಂಡ್ ಫೈನಲ್‌ಗೆ, ಅಂದರೆ ಕೊನೆಯ ಲೆಕ್ಕ ಚುಕ್ತಾ ಮಾಡಲು, 45 ದಿನ ಎನ್ನುವುದು ಎಚ್‌ಆರ್ ವಲಯದ ವಾಡಿಕೆ. ವೇತನ ಸಂಹಿತೆಯ 17ನೇ ಕಲಂ ಪ್ರಕಾರ ತೆಗೆದರೂ, ಅವರೇ ಪೇಪರ್ ಹಾಕಿದರೂ, ವೇತನದ ಬಾಕಿ ಎರಡು ಕೆಲಸದ ದಿನದೊಳಗೆ ಸಂದಾಯವಾಗಬೇಕು. ಆ ಸಂಹಿತೆಯ "ನೌಕರ" ಎಂಬ ಪದದೊಳಗೆ ಆಡಳಿತ ಹುದ್ದೆಯವರೂ ಇದ್ದಾರೆ. ಗ್ರಾಚ್ಯುಟಿಗೆ 30 ದಿನವಿದೆ. ಅದರ ಮೊತ್ತವೂ ಬದಲಾಗಿದೆ. ತಿಂಗಳಿಗೆ 5,00,000 ರೂಪಾಯಿ, ಅದರಲ್ಲಿ ಮೂಲವೇತನ 1,50,000, ಮಿಕ್ಕಿದ್ದೆಲ್ಲ ಭತ್ಯೆ, ಸೇವೆ ಒಂಬತ್ತು ವರ್ಷ ಎಂದಿಟ್ಟುಕೊಳ್ಳಿ. ಹಳೆಯ ರೀತಿಯಲ್ಲಿ 1,50,000ವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ ಒಂಬತ್ತರಿಂದ ಗುಣಿಸಿದರೆ ಸುಮಾರು 7,78,846. ಈಗ ಭತ್ಯೆಗಳು ಒಟ್ಟಿನ ಅರ್ಧ ದಾಟಿದಷ್ಟನ್ನು ವೇತನಕ್ಕೇ ಸೇರಿಸಬೇಕು. ವೇತನ 2,50,000 ಆಯಿತು, ಗ್ರಾಚ್ಯುಟಿ 12,98,077. ಐದು ಲಕ್ಷಕ್ಕೂ ಮೀರಿದ ವ್ಯತ್ಯಾಸ, 20 ಲಕ್ಷದ ಮಿತಿಯೊಳಗೇ. ಸೇವೆ ಒಂಬತ್ತು ವರ್ಷ ಏಳು ತಿಂಗಳಿದ್ದರೆ ಹತ್ತೆಂದು ಎಣಿಸಬೇಕು. ಗ್ರಾಚ್ಯುಟಿ, ಪಿಎಫ್ ಬಿಟ್ಟುಕೊಟ್ಟೆ ಎಂದು ಒಪ್ಪಂದದಲ್ಲಿ ಬರೆಸಿಕೊಂಡರೆ ಅದು ನಿಲ್ಲುವುದಿಲ್ಲ. ನೈತಿಕ ಅಧಃಪತನದ ದುರ್ನಡತೆಗೆ ತಡೆಹಿಡಿಯಬಹುದು, ಅದಕ್ಕೆ ಕ್ರಿಮಿನಲ್ ಶಿಕ್ಷೆಯೇ ಆಗಿರಬೇಕಿಲ್ಲ ಎಂದು 2025ರ ಫೆಬ್ರುವರಿಯಲ್ಲಿ ವೆಸ್ಟರ್ನ್ ಕೋಲ್‌ಫೀಲ್ಡ್ಸ್ ಪ್ರಕರಣದಲ್ಲಿ ತೀರ್ಪಾಗಿದೆ. ಆದರೆ ಅದಕ್ಕೆ ಶಿಸ್ತಿನ ವಿಚಾರಣೆಯ ಫಲಿತಾಂಶವಂತೂ ಕೈಯಲ್ಲಿರಬೇಕು. ಕಾರಣ ಹೇಳದೆ ಕಳಿಸಿ, ಆಮೇಲೆ ಗ್ರಾಚ್ಯುಟಿ ಹಿಡಿದರೆ ಎರಡು ದೋಣಿಯಲ್ಲಿ ಕಾಲಿಟ್ಟಂತೆ.

ಪ್ರತಿಸ್ಪರ್ಧಿ ಕಂಪನಿಗೆ ಒಂದು ವರ್ಷ ಹೋಗಬಾರದು ಎಂಬ ಕಲಂ ಇಟ್ಟುಕೊಂಡು ಬರುವ ಕಂಪನಿಗಳಿಗೆ ಹೇಳುವುದು ಬೇಗ ಮುಗಿಯುತ್ತದೆ: ಕರಾರು ಕಾಯಿದೆಯ 27ನೇ ಕಲಂ ಪ್ರಕಾರ ನೌಕರಿ ಮುಗಿದ ಮೇಲೆ ಅದು ಅಸಿಂಧು, 1980ರ ಕೃಷನ್ ಮುರ್ಗಾಯ್ ಪ್ರಕರಣದಿಂದ 2006ರ ಜಹೀರ್ ಖಾನ್ ಪ್ರಕರಣದವರೆಗೆ ಅದೇ ಧೋರಣೆ. ನೌಕರಿ ಇರುವಾಗ ನಿರ್ಬಂಧ ಸಿಂಧು. ಗಾರ್ಡನ್ ಲೀವ್‌ಗೆ ಬೆಲೆ ಬರುವುದು ಅದಕ್ಕೇ. ನಡುವೆ ಬಿಟ್ಟುಹೋದರೆ ಹಣ ಕಟ್ಟಬೇಕೆಂಬ ಬಾಂಡ್ ಬೇರೆ ಜಾತಿಯದು. ವಿಜಯಾ ಬ್ಯಾಂಕಿನ ಮೂರು ವರ್ಷ, ಎರಡು ಲಕ್ಷದ ಬಾಂಡನ್ನು ಕರ್ನಾಟಕ ಹೈಕೋರ್ಟ್ ಒಪ್ಪಿರಲಿಲ್ಲ, 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಸಾರ್ವಜನಿಕ ಬ್ಯಾಂಕು ನೇಮಕಾತಿಗೆ ಮಾಡುವ ಖರ್ಚು, ಎರಡು ಲಕ್ಷ ಆ ಹುದ್ದೆಗೆ ಹೊರೆಯಲ್ಲದ ಮೊತ್ತ ಎಂಬ ಕಾರಣಗಳ ಮೇಲೆ. ಅದನ್ನೇ ಹಿಡಿದು ಸ್ಟಾರ್ಟಪ್ಪೊಂದು 20 ಲಕ್ಷದ ಬಾಂಡ್ ಬರೆಸಿಕೊಂಡರೆ ಅದೇ ಗತಿ ಸಿಗುತ್ತದೆಂದು ನಂಬಬಾರದು.

ಲೈಂಗಿಕ ಕಿರುಕುಳದ ದೂರು ಬಾಕಿಯಿರುವಾಗ "ಮರ್ಯಾದೆಯಿಂದ ರಾಜೀನಾಮೆ ತಗೊಂಡು ಮುಗಿಸೋಣ" ಎನ್ನುವ ಸಲಹೆ ಮಂಡಳಿಯಿಂದಲೇ ಬರುತ್ತದೆ. 2013ರ ಕಾಯಿದೆಯಡಿ ಆಂತರಿಕ ಸಮಿತಿಯ ವಿಚಾರಣೆಗೆ 90 ದಿನ, ವರದಿಗೆ 10 ದಿನ, ಅದರ ಮೇಲೆ ಕ್ರಮಕ್ಕೆ 60 ದಿನ. ರಾಜಿ ಸಾಧ್ಯವಿರುವುದು ವಿಚಾರಣೆಗೆ ಮೊದಲು, ದೂರುದಾರರೇ ಕೇಳಿದರೆ, ಅದೂ ಹಣದ ಆಧಾರದ ಮೇಲೆ ಅಲ್ಲ. ರಾಜೀನಾಮೆ ತೆಗೆದುಕೊಂಡರೂ ವಿಚಾರಣೆ ನಡೆಸಿ, ಫಲಿತಾಂಶಕ್ಕೆ ಒಳಪಟ್ಟು ಎಂದು ಬರೆದು ತೆಗೆದುಕೊಳ್ಳಿ. ಹೆರಿಗೆ ರಜೆಯಲ್ಲಿರುವ ಹಿರಿಯ ಅಧಿಕಾರಿಗೆ ಆ ಅವಧಿಯಲ್ಲಿ ವಜಾ ಪತ್ರ ಕಳಿಸಬೇಡಿ, ನೋಟಿಸನ್ನೂ ಕೊಡಬೇಡಿ. ಆ ರಕ್ಷಣೆಗೆ ಸಂಬಳದ ಮಿತಿಯಿಲ್ಲ.

ಮೇಜಿನ ಆಚೆ ಬದಿಯವರಿಗೆ, ಅಂದರೆ ಕಳಿಸಲ್ಪಡುವ ಅಧಿಕಾರಿಗೆ ಹೇಳುವ ಮೊದಲ ಮಾತು: ಆ ಕೋಣೆಯಲ್ಲಿ ಏನಕ್ಕೂ ಸಹಿ ಹಾಕಬೇಡಿ. "ಓದಿ ತಿಳಿಸುತ್ತೇನೆ" ಎಂದು ಎದ್ದು ಬನ್ನಿ. ಅವತ್ತು ರಾತ್ರಿಯೇ ಸ್ವಂತ ಇಮೇಲ್‌ನಿಂದ, ಯಾರು ಕೂತಿದ್ದರು, ಏನು ಹೇಳಿದರು, ಎಷ್ಟು ಹೊತ್ತು ಕೊಟ್ಟರು ಎಂದು ಭಾವಾವೇಶವಿಲ್ಲದೆ ಎಂಟು-ಹತ್ತು ಸಾಲು ಬರೆದು ಕಳಿಸಿ. ರಾಜೀನಾಮೆ ಒತ್ತಾಯದ್ದೆಂದು ಎರಡು ತಿಂಗಳ ನಂತರ ಹೇಳುವುದಕ್ಕೂ ಅದೇ ರಾತ್ರಿ ಬರೆದದ್ದಕ್ಕೂ ಬಹಳ ವ್ಯತ್ಯಾಸ. ಎರಡನೆಯದು, ಬಹುತೇಕರು ಎಡವುವ ಜಾಗ: ಸಾಕ್ಷ್ಯಕ್ಕಿರಲಿ ಎಂದು ಆಫೀಸಿನ ಮೇಲ್‌ಗಳನ್ನು ಜಿಮೇಲ್‌ಗೆ ಕಳಿಸಿಕೊಳ್ಳುವುದು. ಅಲ್ಲಿಯತನಕ ಕಂಪನಿಯ ಬಳಿ ಇಲ್ಲದ "ಕಾಸ್" ಅನ್ನು ನೀವೇ ಬರೆದುಕೊಟ್ಟಂತೆ. ಮೇಲ್‌ನ ತಾರೀಕು, ವಿಷಯ, ಯಾರಿಂದ ಯಾರಿಗೆ ಎಂದು ಕಾಗದದ ಮೇಲೆ ಪಟ್ಟಿ ಮಾಡಿಕೊಳ್ಳಿ. ಅವನ್ನು ಅಳಿಸದೆ ಉಳಿಸಬೇಕೆಂದು ವಕೀಲರ ಮೂಲಕ ಪತ್ರ ಕಳಿಸಿ. ಮೂರನೆಯದಾಗಿ ಕರಾರಿನ ಕೊನೆಯ ಪುಟ ನೋಡಿ. ಕೋರ್ಮಂಗಲದಲ್ಲಿ ಕೆಲಸ ಮಾಡಿದವರ ಕರಾರಿನಲ್ಲಿ ವ್ಯಾಜ್ಯವೆಲ್ಲ ಮುಂಬೈಯಲ್ಲೇ ಎಂದಿದ್ದರೆ ಮುಂಬೈಗೇ ಹೋಗಬೇಕಾಗುತ್ತದೆ. ಎಚ್‌ಡಿಎಫ್‌ಸಿ ಬ್ಯಾಂಕ್ ಪ್ರಕರಣದಲ್ಲಿ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥ ಕಲಂ ಸಿಂಧು ಎಂದಿದೆ. ಮಧ್ಯಸ್ಥಿಕೆಯ ಕಲಂನಲ್ಲಿ ಮಧ್ಯಸ್ಥರನ್ನು ಕಂಪನಿಯ ಎಂಡಿಯೇ ನೇಮಿಸುತ್ತಾರೆ ಎಂದಿದ್ದರೆ ಮಾತ್ರ ನಿಮಗೆ ದಾರಿಯಿದೆ, ಆ ಬಗೆಯ ಏಕಪಕ್ಷೀಯ ನೇಮಕ ಈಗ ನಿಲ್ಲುವುದಿಲ್ಲ.

ಇಬ್ಬರೂ ಒಪ್ಪಿ ಬೇರೆಯಾಗುವುದಾದರೆ ಬರೆಯುವ ಒಪ್ಪಂದದಲ್ಲಿ ಜಗಳ ಮೊತ್ತದ ಬಗ್ಗೆ ಕಡಿಮೆ, ಪದಗಳ ಬಗ್ಗೆ ಹೆಚ್ಚು. 40 ಲಕ್ಷ ಎಂದರೆ ಟಿಡಿಎಸ್‌ಗೆ ಮುಂಚೆಯೋ ಆಮೇಲೆಯೋ? ಬರೆದಿರದಿದ್ದರೆ ಕೈಗೆ ಬಂದ ದಿನ ಮನಸ್ತಾಪ. ಅಧಿಕಾರಿಯ ಬಗ್ಗೆ ಕೆಟ್ಟ ಮಾತಾಡುವುದಿಲ್ಲ ಎಂದು ಎರಡು ಸಾವಿರ ಜನರಿರುವ ಕಂಪನಿ ಮಾತು ಕೊಡಲಾಗದು. ಮಂಡಳಿ ಮತ್ತು ನಾಯಕತ್ವ ತಂಡದ ಸದಸ್ಯರು ಎಂದು ಸೀಮಿತಗೊಳಿಸಿ. ಉಳಿದ ಆಪ್ಷನ್‌ಗಳ ಸಂಖ್ಯೆಯನ್ನು ಅಂಕಿಯಲ್ಲೇ ಬರೆಯಿರಿ. ಓದಲು ಕನಿಷ್ಠ ಮೂರು-ನಾಲ್ಕು ದಿನ ಕೊಡಿ, ಸ್ವಂತ ವಕೀಲರ ಸಲಹೆ ಪಡೆದಿದ್ದೇನೆ ಎಂಬ ಸಾಲು ಇರಲಿ, ಅದು ನಿಜವೂ ಆಗಿರಲಿ. "ನಿಮ್ಮ ಪರವಾಗಿಯೂ ನಮ್ಮ ವಕೀಲರೇ ನೋಡ್ತಾರೆ" ಎಂದು ಎಚ್‌ಆರ್‌ನವರು ಹೇಳಿದರೆ ಆ ವಕೀಲರೇ ಬೇಡ ಎನ್ನಬೇಕು.

ಕೊನೆಗೆ ಉಳಿಯುವುದು ಒಂದು ತಾರೀಕು. ರಿಲೀವಿಂಗ್ ಲೆಟರ್‌ನಲ್ಲಿ 31, ಪಿಎಫ್ ಪೋರ್ಟಲ್‌ನ ನಿರ್ಗಮನ ದಿನಾಂಕ 30, ಈಸಾಪ್ ಪೋರ್ಟಲ್‌ನಲ್ಲಿ 28, ಹೊಸ ಕಂಪನಿಯ ವೆರಿಫಿಕೇಷನ್‌ಗೆ ಎಚ್‌ಆರ್ ಬರೆದ ಉತ್ತರದಲ್ಲಿ ಇನ್ನೊಂದು. ಆಪ್ಷನ್ ಚಲಾವಣೆಯ 90 ದಿನ ಯಾವತ್ತಿಂದ ಎಣಿಸಬೇಕು ಎಂಬ ಜಗಳ ಅಲ್ಲಿಂದ ಶುರು. ನಾಲ್ಕು ಕಡೆಯೂ ಹೋಗಬೇಕಾದ ತಾರೀಕನ್ನು ಒಂದು ಹಾಳೆಯಲ್ಲಿ ಬರೆದು, ಎಚ್‌ಆರ್, ಫೈನಾನ್ಸ್, ಕಂಪನಿ ಸೆಕ್ರೆಟರಿ ಮೂವರ ಕೈಗೂ ಕೊಟ್ಟ ಮೇಲೆ ಆ ಅರ್ಧ ಪುಟಕ್ಕೆ ಸಹಿ ಹಾಕಿಸಿ.